ತಪ್ಪು ತಿದ್ದಲು ಬಸ್ಸು ಹತ್ತಿದ ಗುರುಗಳು

ವಿಜಾಪುರ ಜಿಲ್ಲೆಯಲ್ಲಿ ಜೀವಶಾಸ್ತ್ರವನ್ನು ತಿಳಿಗನ್ನಡದಲ್ಲಿ ಬಿಡಿಸಿ ಹೇಳಿದವರಲ್ಲಿ ಪ್ರಾಧ್ಯಾಪಕ ಧರೆಪ್ಪ ಯಂಕಂಚಿಯವರು ಅಗ್ರಗಣ್ಯರು. ಇಂಡಿ ಪಟ್ಟಣದ ಕಾಲೇಜಿಗೆ ಬಂದ ದಿನದಿಂದ ಇಂದಿನ ನಿವೃತ್ತಿಯವರೆಗೆ ಅವರು ಗಳಿಸಿದ್ದು ಶಿಷ್ಯರನ್ನು, ಕಳೆದುಕೊಂಡದ್ದು ಊಟದ ಹೊತ್ತನ್ನು.

ಸಾಲೋಟಗಿಯ ಹಜರಾಬಿಯವರನ್ನೇ ಕೇಳಬೇಕು. ಮಗಳ ಓದು ಇನ್ನು ಸಾಕೆಂದ ಅವರ ತಂದೆ ದಸ್ತಗೀರಸಾಬರ ಮನೆಗೆ ಗುರುಗಳೇ ಹೋಗಿ, ಚಹಾ ಕುಡಿಯುತ್ತ ಕೂತು, ‘ಹೂಂ’ ಅನ್ನಿಸಿಕೊಂಡೇ ಎದ್ದಿದ್ದರು. ಮುಂದೆ ಆಕೆ ಎಂ.ಎಸ್ಸಿ. ಮುಗಿಸಿ ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಹಂಗಾಮಿ ಉಪನ್ಯಾಸಕಿಯಾದರು.

೧೯೭೮ರಲ್ಲಿ ಧಾರವಾಡದ ಗ್ರಂಥಾಲಯದಲ್ಲಿ ಹೊಸ ಸಂಶೋಧನೆಗಳನ್ನು ಓದಿದ ಗುರುಗಳಿಗೆ ನಿದ್ದೆ ಹಾರಿತು. ಜೀವಕೋಶದಲ್ಲಿ ಪ್ರೋಟೀನು ಪೂರ್ತಿ ತಯಾರಾದ ಮೇಲೆ ಪೊರೆಗೆ ಹೋಗಿ ಸೇರುತ್ತದೆಂದು ವರ್ಷಗಟ್ಟಲೆ ಕಲಿಸಿದ್ದರು. ಅಂಥ ಹಲವು ಪ್ರೋಟೀನುಗಳು ತಯಾರಾಗುತ್ತಿರುವಾಗಲೇ ಪೊರೆಯನ್ನು ಹೊಗುತ್ತವೆಂದು ಈಗ ತಿಳಿಯಿತು. ಇನ್ನೊಬ್ಬರಾಗಿದ್ದರೆ ಮುಂದಿನ ವರ್ಷದ ಪಾಠದಲ್ಲಿ ತಿದ್ದಿಕೊಂಡು ಸುಮ್ಮನಾಗುತ್ತಿದ್ದರು. ಈ ಪುಣ್ಯಾತ್ಮರು ಬಸ್ಸು ಹತ್ತಿದರು! ಪಾಠ ಹೇಳುವ ಹಳೆಯ ಶಿಷ್ಯರನ್ನೆಲ್ಲ ಹುಡುಕುತ್ತ ಸಿಂದಗಿ, ಬಸವನ ಬಾಗೇವಾಡಿ ಮುಗಿಸಿ ಮುದ್ದೇಬಿಹಾಳಕ್ಕೆ ಬಂದಿಳಿದರು.

ಅಂದೇ ಹಜರಾಬಿಯವರ ಪಾಠ ನೋಡಲು ತನಿಖಾಧಿಕಾರಿ ಚನ್ನಬಸಯ್ಯನವರು ಬಂದಿದ್ದರು. ಅವರು ಮೆಚ್ಚಿದರೆ ನೌಕರಿ ಖಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಸಾಲೋಟಗಿಗೆ. ಆಕೆ ಪ್ರೋಟೀನಿನ ಅದೇ ಪಾಠವನ್ನು ತಾವು ಕಲಿತಂತೆಯೇ ಹೇಳುತ್ತಿದ್ದರು. ಬಾಗಿಲಲ್ಲಿ ನಿಂತು ಕೇಳಿದ ಗುರುಗಳಿಗೆ ತಡೆಯಲಾಗಲಿಲ್ಲ.

“ತಡಿಯವ್ವಾ ಹಜರಾಬಿ, ಅದು ತಪ್ಪೈತಿ! ನಾನ ತಪ್ಪು ಕಲಿಸೇನಿ. ದಾರ ಪೂರಾ ನೂತು ಮುಗಿಯೂದ್ರೊಳಗ ಅದರ ತುದಿ ಹೊಲಿಯೂ ಕೌದ್ಯಾಗ ಹೊಕ್ಕಂಗ ಅದು.”

ಹಜರಾಬಿಯವರಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಸಿಟ್ಟೂ ಬಂತು. ಬರುವುದಕ್ಕೆ ಇವತ್ತೇ ಬೇಕಿತ್ತೇ ಈ ಮಾರಾಯರಿಗೆ!

“ಹಂಗಾರ ಈ ಅಕ್ಕೋರಿಗೆ ಪಾಠ ಬರೂದಿಲ್ಲ ಅಂತ ತಿಳ್ಕೋಬೇಕೇನ್ರಿ?” ಎಂದು ಚನ್ನಬಸಯ್ಯನವರು ಹುಬ್ಬೇರಿಸಿದರು.

“ಇಷ್ಟೊತ್ತನಕಾ ಬರ್ತಿದ್ದಿಲ್ರಿ,” ಎಂದರು ಹಜರಾಬಿ. “ಈಗ ಕೇಳಿ ಕಲಿತೇನಿ, ಆಮ್ಯಾಲ ಹೇಳ್ತೇನಿ. ನೀವು ಕೂಡ್ರಿ.”

ಹಲಗೆ ಒರೆಸಿದರು. ಅಧಿಕಾರಿಯ ಎದುರಿಗೇ ಗುರುಗಳನ್ನು ಕೆದಕಿ ಕೆದಕಿ ಕೇಳಿದರು. ಬಳಿಕ ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಪಾಠವನ್ನು ಮೊದಲಿನಿಂದ ಹೇಳಿದರು: ಮುಂದಿನ ತುದಿ ಪೊರೆಯನ್ನು ಹೊಗುತ್ತದೆ, ಉಳಿದದ್ದು ತಯಾರಾಗುತ್ತ ಹಿಂದೆಯೇ ಬರುತ್ತದೆ, ಒಂದು ಭಾಗ ಪೊರೆಯಲ್ಲೇ ನಟ್ಟು ನಿಲ್ಲುತ್ತದೆ. “ಹಾಂ, ಹಂಗ!” ಎಂದು ಹಿಂದಿನಿಂದ ಗುರುಗಳು ಕೂಗಿದರು. ಹುಡುಗರು ಗೊಳ್ಳೆಂದು ನಕ್ಕರು.

ಚನ್ನಬಸಯ್ಯನವರು ಎದ್ದು ನಿಂತರು. “ನಿಮ್ಮ ನೌಕರಿ ಖಾಯಂ ಆತು ಅಂತ ತಿಳ್ಕೋರಿ, ಅಕ್ಕೋರ. ಆದ್ರ ನಿಮ್ಮ ಗುರುಗಳಿಗೆ ಹೇಳ್ರಿ, ಮುಂದಿನ ಸಲ ನಾ ಹೋದ ಮ್ಯಾಲ ಬರ್ಲಿ.”

ಆ ಮಾತನ್ನು ಗುರುಗಳು ಇಂದಿಗೂ ಪಾಲಿಸಿಲ್ಲ. ಭಗವಂತನು ಅವರಿಗೆ ದೀರ್ಘಾಯುಷ್ಯವನ್ನೂ ಬಸ್ಸು ಹತ್ತುವ ಕಾಲ್ಬಲವನ್ನೂ ಕರುಣಿಸಲಿ. ಶಿಷ್ಯರಾದ ನಾವು ತಪ್ಪಿದ ದಿನ, ಯಾರೇ ಎದುರಿಗೆ ಕೂತಿರಲಿ, ಅವರು ಬಾಗಿಲಲ್ಲಿ ಬಂದು ನಿಲ್ಲಲಿ.