ಅದು ಹಸುವಿನ ಗಿಣ್ಣಲ್ಲ

ವಿನುತಾ, ಅಂದು ನಾನು ನಿನಗೆ ಮಾಡಿಕೊಟ್ಟ ಗಿಣ್ಣು ಹಸುವಿನ ಹಾಲಿನದಲ್ಲ. ಒಂಟೆಯ ಹಾಲಿನದು. ಆ ಹಾಲು ತಂದ ಫಾರಂನ ಒಂಟೆಗಳಿಗೆ ರೋಗ ತಗುಲಿದ್ದದ್ದು ನನಗೆ ಗೊತ್ತಿತ್ತು. ಇಷ್ಟು ಬರೆಯಲು ನಾಲ್ಕು ವರ್ಷ ಬೇಕಾಯಿತು — ಬರೆದ ಮೇಲೂ ಕಳಿಸುತ್ತೇನೋ ಇಲ್ಲವೋ ಎಂದು ನನ್ನ ಮೇಲೆ ನನಗೇ ನಂಬಿಕೆಯಿಲ್ಲ.

ಮೆಲ್ಬರ್ನ್‌ನ ಲ್ಯಾಬಿನಲ್ಲಿ ನಾನು ಪ್ರಾಣಿಗಳ ರಕ್ತ ಪರೀಕ್ಷೆ ಮಾಡುವವಳು. ಆ ವರ್ಷ ಸಾಕಿದ ಒಂಟೆಗಳಲ್ಲಿ ಕ್ಯೂ ಫೀವರ್ ಎಷ್ಟು ಹರಡಿದೆ ಎಂದು ನೋಡುವ ಕೆಲಸ ಬಂದಿತ್ತು. ಪ್ರಾಣಿಯಿಂದ ಮನುಷ್ಯರಿಗೆ ಹತ್ತುವ ಬ್ಯಾಕ್ಟೀರಿಯಾ ಅದು. ಈದ ಪ್ರಾಣಿಯ ಮಾಸಿನಲ್ಲಿ, ಹಸಿ ಹಾಲಿನಲ್ಲಿ, ಕೊಟ್ಟಿಗೆಯ ಧೂಳಿನಲ್ಲಿ ಕೂಡ ಇರುತ್ತದೆ. ಬಸುರಿಯರಿಗಂತೂ ಬಹಳ ಕೆಟ್ಟದ್ದು. ಒಂದು ಫಾರಂನ ಟ್ಯೂಬುಗಳು ಒಂದರ ಹಿಂದೊಂದು ಪಾಸಿಟಿವ್ ಬಂದವು. ಪಾಸಿಟಿವ್ ಎಂದರೆ ಎಂದೋ ಸೋಂಕು ತಗುಲಿತ್ತು ಎಂದಷ್ಟೇ, ಈಗಲೂ ಇದೆ ಎಂದಲ್ಲ — ಹಾಗೆಂದು ನನಗೆ ನಾನೇ ಪಾಠ ಹೇಳಿಕೊಂಡೆ.

ಆಗಲೇ ಸಿಡ್ನಿಯ ಕ್ವೇಕರ್ಸ್ ಹಿಲ್‌ನಿಂದ ನಿನ್ನ ಫೋನು. "ಗಿಣ್ಣು ತಿನ್ಬೇಕು ಅಂತ ಜೀವ ಬಿಡ್ತಿದೀನಿ ಕಣಕ್ಕಾ. ಇಲ್ಲಿ ಯಾವ ಶಾಪಲ್ಲೂ ಸಿಗಲ್ಲ."

ನಿನಗಾಗ ಆರು ತಿಂಗಳು. ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎಂದು ಅಮ್ಮ ಹೇಳುತ್ತಿದ್ದದ್ದನ್ನು ಮೈಕ್ರೋಬಯಾಲಜಿ ಓದಿದ ಈ ಜಾಣೆ ನಂಬುವುದಿಲ್ಲ. ಆದರೂ ಕಾರು ತೆಗೆದೆ. ಹಸುವಿನ ಡೇರಿಯವರು ಕೊಡಲಿಲ್ಲ. ಸಿಡ್ನಿಯ ಹಾದಿಯಲ್ಲೇ ಆ ಒಂಟೆ ಫಾರಂ ಇತ್ತು, ಹಿಂದಿನ ದಿನವಷ್ಟೇ ಒಂದು ಒಂಟೆ ಈದಿತ್ತು. ರಕ್ತದ ಟ್ಯೂಬು ತರಲು ಹೋಗಿ ಪರಿಚಯವಾಗಿದ್ದ ಫಾರಂನವನು ಒಂದು ಬಾಟಲಿ ತುಂಬಿಸಿಕೊಟ್ಟ.

ಚೆನ್ನಾಗಿ ಬೇಯಿಸಿದರೆ ರೋಗಾಣು ಸಾಯುತ್ತದೆ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಬಂದೆ. ನಿನಗೆ "ಫ್ರೆಂಡ್ ಫಾರಂದು, ಹಸೂದೇ" ಎಂದೆ — ಒಂಟೆ ಎಂದಿದ್ದರೆ ನೀನು ಮುಟ್ಟುತ್ತಿರಲಿಲ್ಲ. ಬೆಲ್ಲ, ಏಲಕ್ಕಿ ಕಲಸಿ ಇನ್ನೂ ಒಲೆಗಿಟ್ಟಿರಲಿಲ್ಲ, ನೀನು ಬೆರಳದ್ದಿ ಚೀಪಿದೆ. "ಇನ್ನೊಂಚೂರು ಬೆಲ್ಲ ಹಾಕಕ್ಕಾ." ಹಾಕಿದೆ, ಪಾತ್ರೆಯನ್ನು ಒಲೆಗಿಟ್ಟೆ. ಒಂಟೆಯ ಹಾಲಲ್ಲವೇ, ಬೆಂದ ಮೇಲೂ ಅದು ಸರಿಯಾಗಿ ಗಟ್ಟಿಯಾಗಲಿಲ್ಲ. ನೀನು ಚಮಚದಲ್ಲಿ ಬಳಿದು ಬಳಿದು ತಿಂದೆ.

ಮೂರು ವಾರಕ್ಕೆ ಜ್ವರ. ಸುದ್ದಿ ಕೇಳಿ ಓಡಿ ಬಂದೆ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು — ಯಾವುದಾದರೂ ಫಾರಂಗೆ ಹೋಗಿದ್ದಿರಾ, ಪ್ರಾಣಿಗಳ ಹತ್ತಿರ, ಹಸಿ ಹಾಲು? ಬೇಯಿಸಿದ ಗಿಣ್ಣು ನಿನ್ನ ನೆನಪಿಗೂ ಬರಲಿಲ್ಲ. "ನೋ, ನಥಿಂಗ್" ಎಂದೆ ನೀನು. ಪಕ್ಕದಲ್ಲಿ ಕೂತು ನಾನು ನಿನಗೆಂದು ಕಿತ್ತಳೆ ಸುಲಿಯುತ್ತಿದ್ದೆ. ಸುಲಿಯುತ್ತಲೇ ಇದ್ದೆ. ಕೆಲಸ ಹೋಗುತ್ತದೆಂದು ಹೆದರಿದೆನೋ, ನೀನು ಇನ್ನು ನನ್ನ ಮುಖ ನೋಡುವುದಿಲ್ಲವೆಂದೋ — ಈಗ ಕೇಳಿದರೂ ಸರಿಯಾಗಿ ಹೇಳಲಾರೆ. ಅವರು ವೈರಲ್ ಎಂದು ಬರೆದುಕೊಂಡು ಹೋದರು. ಹನ್ನೊಂದನೆಯ ದಿನ ಮಗು ಹೊಟ್ಟೆಯಲ್ಲೇ ಹೋಯಿತು.

ಆ ಒಂದು ಬೆರಳಿನಿಂದಲೋ? ಫಾರಂನಲ್ಲಿ ತೊಟ್ಟಿದ್ದ ಜಾಕೆಟ್ಟಿನಲ್ಲೇ ಬಂದು ನಿನ್ನನ್ನು ತಬ್ಬಿಕೊಂಡೆನಲ್ಲ, ಅದರ ಧೂಳಿನಿಂದಲೋ? ಅಥವಾ ನಿಜವಾಗಿಯೂ ವೈರಲ್ಲೇ... ಯಾರೂ ಆ ಟೆಸ್ಟ್ ಮಾಡಲಿಲ್ಲ, ಹಾಗಾಗಿ ಯಾರಿಗೂ ಗೊತ್ತಿಲ್ಲ. ಗೊತ್ತಾಗದಂತೆ ಮಾಡಿದವಳು ನಾನು. ನನಗೆ ಲ್ಯಾಬಿನವರು ಲಸಿಕೆ ಹಾಕಿಸಿದ್ದರು, ನನಗೇನೂ ಆಗಲಿಲ್ಲ. ಕೆಲವು ದಿನ ನಾನೇ ಕೊಂದೆ ಎನಿಸುತ್ತದೆ, ಕೆಲವು ದಿನ ಇಲ್ಲ ಎನಿಸುತ್ತದೆ. ಇಲ್ಲ ಎನಿಸುವ ದಿನಗಳ ಬಗ್ಗೆಯೇ ನನಗೆ ಹೆಚ್ಚು ನಾಚಿಕೆ.

ಮೊನ್ನೆ ನೀನು ಫೋನ್ ಮಾಡಿ ಮತ್ತೆ ಎರಡು ತಿಂಗಳು ಎಂದೆ. ನಗುತ್ತಾ ಹೇಳಿದೆ, "ಈ ಸಲಾನೂ ಗಿಣ್ಣು ನೀನೇ ತರ್ಬೇಕಕ್ಕಾ."

ಈ ರೋಗ ಮೈಯೊಳಗೇ ಅಡಗಿ ಕೂತು ಮುಂದಿನ ಬಸುರಿನಲ್ಲಿ ಮತ್ತೆ ಏಳಬಹುದು. ಅದಕ್ಕೇ ಬರೆಯುತ್ತಿದ್ದೇನೆ, ಕ್ಷಮೆಗಾಗಿ ಅಲ್ಲ. ನಾಳೆ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೋಗು. ಕ್ಯೂ ಫೀವರ್ ಟೆಸ್ಟ್ ಮಾಡಿ ಎಂದು ಕೇಳು. ಯಾಕೆ ಎಂದು ಅವರು ಕೇಳಿದರೆ ಒಂಟೆ ಎಂದು ಹೇಳು, ಹಸಿ ಹಾಲು ಎಂದು ಹೇಳು, ನನ್ನ ಹೆಸರನ್ನೂ ಹೇಳು. ಆಮೇಲೆ ಬೈಯುವುದಕ್ಕಾದರೂ ನನಗೊಂದು ಫೋನ್ ಮಾಡು. ಮಾಡಲು ಮನಸ್ಸಾಗದಿದ್ದರೆ ಬೇಡ — ಟೆಸ್ಟ್ ಮಾತ್ರ ಮಾಡಿಸು.