ಹೆಣ್ಣು ನೋಡಲು ಬಂದವರು ಡೈನೋಸಾರ್ ನೋಡಿದರು

ಹೋದ ತಿಂಗಳು ನಮ್ಮ ಮನೆಗೆ ಹೆಣ್ಣು ನೋಡಲು ಬಂದವರು ಹೆಣ್ಣನ್ನು ಬಿಟ್ಟು ಗೋಡೆ ನೋಡಿದರು.

ಅದರಲ್ಲೇನೂ ಆಶ್ಚರ್ಯವಿಲ್ಲ ಬಿಡಿ. ಅವರು ನೋಡಲಿ ಎಂದೇ ಅಲ್ಲವೇ ನಾವು ಗೋಡೆ ಸಿಂಗರಿಸುವುದು? ನಮ್ಮ ಕಡೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳಿರುವ ಯಾವ ಮನೆಯ ಪಡಸಾಲೆಗೆ ಬೇಕಾದರೂ ಹೋಗಿ. ಗಾಜಿನ ಕಟ್ಟಿನೊಳಗೆ ಮಣಿಯ ಹಂಸ. ಬಾಜೂಕ್ಕೆ ಉಲ್ಲನ್ನಿನ ಗಿಳಿ. ಮೂಲೆಯಲ್ಲಿ ಹುಡುಗಿಯ ಹೆಸರು. ಬೀಗರಾಗುವವರು ಅವಲಕ್ಕಿ ಮೆಲ್ಲುತ್ತ ಕತ್ತೆತ್ತಿ, "ಎಲ್ಲಾ ಹುಡುಗೀನ ಮಾಡ್ಯಾಳೇನ್ರಿ?" ಎನ್ನುತ್ತಾರೆ. "ಹೌದ್ರಿ, ಎಲ್ಲಾ ಅಕೀದ ಕೈಕೆಲಸ" ಎಂದು ಅಪ್ಪ ಹೇಳುತ್ತಾನೆ. ಹುಡುಗಿ ತಾನಾಗಿ ಬಾಯಿ ಬಿಡುವಂತಿಲ್ಲ.

(ಅಕ್ಕನ ಮದುವೆಯಾದ ಮೇಲೆ ಅವಳ ಹೆಸರು ಬಿಚ್ಚಿ, ಅದೇ ಹಂಸದ ಕೆಳಗೆ ತಂಗಿಯ ಹೆಸರು ಹೊಲಿದದ್ದನ್ನು ನಾನೇ ಕಂಡಿದ್ದೇನೆ. ನೀವೂ ಕಂಡಿರುತ್ತೀರಿ. ಸುಮ್ಮನಿದ್ದೀರಿ, ಅಷ್ಟೇ.)

ನಮ್ಮ ಮನೆಯ ಗೋಡೆಯ ಮೇಲೆ ಹಂಸ ಇಲ್ಲ. ಡೈನೋಸಾರ್ ಇದೆ.

ಇದು ನಮ್ಮಣ್ಣನ ಮಗಳು ಶಶಿಕಲಾಳ ಪ್ರತಾಪ. ಅವಳು ಹೈಸ್ಕೂಲಿನಲ್ಲಿದ್ದಾಗ ನಾನು ಹುಬ್ಬಳ್ಳಿಯ ರದ್ದಿ ಅಂಗಡಿಯಿಂದ ರಟ್ಟು ಹರಿದ ಒಂದು ಇಂಗ್ಲಿಷ್ ಪುಸ್ತಕ ತಂದುಕೊಟ್ಟೆ. ಅದರ ತುಂಬ ಕೋಟಿಗಟ್ಟಲೆ ವರ್ಷಗಳ ಹಿಂದೆ ಈ ಭೂಮಿಯ ಮೇಲೆ ಓಡಾಡಿ, ಒಂದೂ ಉಳಿಯದೆ ಹೋದ ಭಾರೀ ಪ್ರಾಣಿಗಳು. ಶಶಿಗೆ ಹುಚ್ಚು ಹಿಡಿಯಿತು. ಮಸಿಯಲ್ಲಿ ಅದ್ದಿ ಬರೆಯುವ ಟಾಕು ಹಿಡಿದು ಕೂತಳೆಂದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅವಳ ಡೈನೋಸಾರ್ ವಿಲಾಯತಿಯ ಕಾಡಿನಲ್ಲಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟ ನಮ್ಮ ಅಣ್ಣಿಗೇರಿಯ ಎರಿಹೊಲದಲ್ಲಿ, ಜಾಲಿಗಿಡದ ನೆರಳಿನಲ್ಲಿ ನಿಲ್ಲುತ್ತದೆ. ನಮ್ಮವ್ವ ಅದನ್ನು ನೋಡಿ, "ಉಡಾ ಇಷ್ಟು ದೊಡ್ಡದಾದ್ರ ಅದಕ್ಕ ತಿನ್ನಾಕ ಯಾರು ಹಾಕ್ಬೇಕವಾ?" ಎಂದು ಕೇಳಿದ್ದಳು. ಮನೆಯಲ್ಲಿ ಬಂದ ಮೊದಲ ವಿಮರ್ಶೆ ಅದು.

ಶಶಿ ಮೊದಮೊದಲು ಕೇಳಿದವರಿಗೆಲ್ಲ ಬರೆದು ಸುಮ್ಮನೆ ಕೊಟ್ಟಳು. ನಾನು ಕಲಿಸುವ ಕನ್ನಡ ಶಾಲೆಗೆ ಒಂದು. ಹೈಸ್ಕೂಲಿನ ಪ್ರದರ್ಶನಕ್ಕೆ ಒಂದು. ಬೇರೆ ಊರಿನ ಮಾಸ್ತರರೂ ಕೇಳತೊಡಗಿದಾಗ ಕೈ ಸೋತಿತು. ಸೈಕ್ಲೋಸ್ಟೈಲ್ ಪ್ರತಿ ತೆಗೆಸಿ ನೋಡಿದೆವು. ಬಾಲ ಇರಬೇಕಾದಲ್ಲಿ ಮಸಿಯ ಕೆಸರು. ಕೊನೆಗೆ ಸೋದರತ್ತೆ ನಾನು, ಸೊಸೆ ಅವಳು, ಇಬ್ಬರೂ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ಆ ಜಾಲಿಗಿಡದ ಚಿತ್ರಕ್ಕೆ ಅಚ್ಚು ಹೊಡೆಯುವ ಲೋಹದ ಬ್ಲಾಕ್ ಮಾಡಿಸಿಕೊಂಡು ಬಂದೆವು. ಊರಿನ ಪ್ರೆಸ್ಸಿನವರು ಲಗ್ನಪತ್ರಿಕೆ ಅಚ್ಚು ಹಾಕುವ ಮಶೀನಿನಲ್ಲೇ ದಪ್ಪ ಕಾಗದದ ಮೇಲೆ ಅದನ್ನು ಹೊಡೆದುಕೊಟ್ಟರು. ಎಷ್ಟು ಚೆಂದ ಬಂತೆಂದರೆ, ಬೆರಳಾಡಿಸಿದರೆ ಗೆರೆ ಕೈಗೆ ತಾಕುತ್ತಿತ್ತು. ಈಗಷ್ಟೇ ಕೈಯಿಂದ ಬರೆದಿಟ್ಟಂತಿತ್ತು. ಕೆಳಗಿನ ಮೂಲೆಯಲ್ಲಿ ಸಣ್ಣದಾಗಿ ಶಶಿಕಲಾ ಎಂದಿತ್ತು.

ಮಾಸ್ತರರಿಗೆ ಕೊಟ್ಟು ಉಳಿದ ಪ್ರತಿಗಳನ್ನು ಬಸಣ್ಣ ಒಯ್ದ. ಬಸ್‌ಸ್ಟ್ಯಾಂಡಿನ ಬಾಜೂಕ್ಕೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಅವನದು. ಸಂತೆ ಸಂತೆಗೂ ದೇವರ ಪಟ ಹೊತ್ತುಕೊಂಡು ಹೋಗುತ್ತಾನೆ. ನವಲಗುಂದ, ಕುಂದಗೋಳ, ಕಲಘಟಗಿ, ಅವನು ತುಳಿಯದ ಸಂತೆಯಿಲ್ಲ. "ದೇವರ ಸಾಲಿನ್ಯಾಗ ಇದನ್ನೂ ಇಟ್ಟ ನೋಡೂಣು ತಗೋರಿ" ಅಂದ. ಒಂದು ವಾರವೂ ಆಗಿರಲಿಲ್ಲ, ಮನೆಗೇ ಬಂದ.

"ಅಕ್ಕೋರ, ಇನ್ನೊಂದಿಷ್ಟು ಹೊಡಸ್ರಿ. ಹಳ್ಳ್ಯಾಗ ಭಾಳ ಕೇಳಾಕತ್ತಾರ."

ಶಶಿಯ ಮುಖ ನೋಡಬೇಕಿತ್ತು ನೀವು! "ಅತ್ಯಾ, ನೋಡು, ಮಂದಿಗೆ ಗೊತ್ತಾಗೂದಿಲ್ಲ ಅಂತಿದ್ದಿ" ಎಂದು ಕುಣಿದಳು. ಗಳೆ ಹೊಡೆದು ಹೊಲ ಉಳುವವರ ಮನೆಯ ಗೋಡೆಯ ಮೇಲೂ ಡೈನೋಸಾರ್! ಮಿಶ್ರಿಕೋಟಿಯ ಯಾವುದೋ ಮಗು ಅದನ್ನು ನೋಡುತ್ತ ಮಗ್ಗಿ ಬಾಯಿಪಾಠ ಮಾಡುತ್ತಿರಬಹುದು ಎಂದು ಅವಳು, ಹೌದೌದು ಎಂದು ನಾನು. ಅದೇ ಜಂಬದಲ್ಲಿ ನಾನು ಇದೇ ಅಂಕಣದಲ್ಲಿ ನಮ್ಮ ಹಳ್ಳಿಗರ ಜ್ಞಾನದ ಹಸಿವಿನ ಬಗ್ಗೆ ಉದ್ದಕ್ಕೆ ಕೊರೆದಿದ್ದೆ. ಕೆಲವರಿಗೆ ನೆನಪಿರಬಹುದು. ದಯವಿಟ್ಟು ಮರೆತುಬಿಡಿ.

ಇನ್ನು ಆ ಹೆಣ್ಣು ನೋಡುವ ದಿನಕ್ಕೆ ಬರೋಣ. ಹುಡುಗ ಕುಂದಗೋಳದ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ಹಿಂದೆ ಬಂದುಹೋದವರ ಮುಂದೆಲ್ಲ ಮುಖ ಗಂಟುಹಾಕಿಕೊಂಡು ಕೂತಿದ್ದ ಶಶಿ ಈ ಸಲ ಬೆಳಿಗ್ಗೆಯೇ ಎದ್ದು ಚಿತ್ರದ ಗಾಜನ್ನು ತಾನೇ ಒರೆಸಿದಳು. ಗೋಡೆಯ ಮೇಲಿದ್ದದ್ದು ಅಚ್ಚಿನ ಪ್ರತಿಯಲ್ಲ, ಬ್ಲಾಕ್ ಮಾಡಿಸಲು ಒಯ್ದಿದ್ದ ಅಸಲು ಚಿತ್ರ.

"ಅತ್ಯಾ, ಸಾಯನ್ಸ್ ಮಾಸ್ತರ ಅಂದ್ರ ಇದರ ಹೆಸರು ಗೊತ್ತಿರತೈತಿ ಅಲ್ಲ?"

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಆ ಪ್ರಾಣಿಯ ಹೆಸರು ಗೊತ್ತಿರುವ ಒಬ್ಬ ಮನುಷ್ಯ.

ಬಂದರು. ಹುಡುಗ, ಅವನ ತಾಯಿ, ಸೋದರಮಾವ. ಶಶಿ ತಟ್ಟೆಗಳನ್ನಿಟ್ಟು ಚಾಪೆಯ ಮೇಲೆ ಕೂತಳು. ಅವಳ ಹೆಸರನ್ನೂ ಕೇಳದೆ ಆ ತಾಯಿ ಗೋಡೆಯನ್ನೇ ದಿಟ್ಟಿಸಿದರು.

"ಇದನ್ನ ಎಲ್ಲೋ ನೋಡೀವಲ್ಲ?"

"ಮಿಶ್ರಿಕೋಟ್ಯಾಗ," ಅಂದರು ಸೋದರಮಾವ. "ಆ ಹುಡುಗಿ ತಾನ ತಗದದ್ದು ಅಂತಂದ್ರು. ಬಮ್ಮಿಗಟ್ಯಾಗೂ ಇತ್ತು. ಅಲ್ಲೂ ಹುಡುಗೀನ ತಗದದ್ದಂತ."

ನಮ್ಮಣ್ಣ ತಿರುಗಿ ಗೋಡೆ ನೋಡಿದ. ನನಗೆ ತಡೆಯಲಾಗಲಿಲ್ಲ. "ಅವೆಲ್ಲ ಅಚ್ಚು ಹಾಕಿಸಿದ್ದು, ಅಸಲು ಇದು. ಮೂಲ್ಯಾಗ ನಮ್ಮ ಶಶೀ ಹೆಸರೈತಿ ನೋಡ್ರಿ" ಎಂದೆ.

"ಹೆಸರು ಅಲ್ಲೂ ಇತ್ತರಿ," ಅಂದರು ಆ ಮನುಷ್ಯ, ಸಮಾಧಾನವಾಗಿ. "ಅವರವರ ಮನ್ಯಾಗ ಅವರವರ ಮಗಳ ಹೆಸರು."

ಹುಡುಗನ ತಾಯಿ ಶಶಿಯ ಕಡೆ ತಿರುಗಿದರು. "ಹಂಗಾರ ನಮ್ಮ ಮುಂದ ಒಂದೀಟು ತಗದು ತೋರಸವಾ, ನೋಡೂಣು."

ಹಾಡು ಹೇಳು ಅನ್ನುತ್ತಾರೆ, ಎದ್ದು ನಡೆ ಅನ್ನುತ್ತಾರೆ, ಇದೊಂದು ಕಡಿಮೆಯಾಗಿತ್ತು. ನಾನಾಗಿದ್ದರೆ ಮಸಿಯ ದೌತಿಯನ್ನೇ ಅವರ ಸೀರೆಗೆ ಸುರಿಯುತ್ತಿದ್ದೆ. ಶಶಿ ಎದ್ದುಹೋಗಿ ಕಾಗದ, ಮಸಿ, ಟಾಕು ತಂದಳು. ನೆಲಕ್ಕೆ ಬಗ್ಗಿ ಬರೆದಳು. ಬೆನ್ನು, ಬಾಲ, ಕಾಲು, ಕೆಳಗೆ ಎರಿಮಣ್ಣಿನ ಬಿರುಕು. ಗೋಡೆಯ ಕಡೆ ಒಮ್ಮೆಯೂ ಕಣ್ಣೆತ್ತಲಿಲ್ಲ.

ತಾಯಿ ಕಾಗದವನ್ನು ಎತ್ತಿ ಗೋಡೆಯ ಚಿತ್ರದ ಪಕ್ಕ ಹಿಡಿದು ನೋಡಿದರು. "ಥೇಟ್ ಹಂಗ ಐತಿ ಬಿಡು. ನೋಡಿ ನೋಡಿ ಚಲೋ ರೂಢಿ ಮಾಡ್ಯಾಳ."

ಈಗ ಹೇಳಿ. ಬರೆಯಲು ಬರುವುದಿಲ್ಲ ಎಂದಿದ್ದರೆ ಕಳ್ಳಿ. ಬರೆದು ತೋರಿಸಿದರೆ ನಕಲು. ಇನ್ನು ಆ ಹುಡುಗಿ ಏನು ಮಾಡಬೇಕಿತ್ತು?

"ನೀ ಏನಂತಿಯೋ?" ಎಂದು ಮಗನನ್ನು ಕೇಳಿದರು. ಶಶಿ ತಲೆಯೆತ್ತಿ ಅವನನ್ನೇ ನೋಡಿದಳು. ಹಾಗೆ ನೋಡಬಾರದು ಎಂದು ನಮ್ಮವ್ವ ಹೇಳಿಕೊಟ್ಟದ್ದೆಲ್ಲ ಮರೆತುಹೋಗಿತ್ತು. ಅವನು ಅವಲಕ್ಕಿಯೊಳಗಿನ ಶೇಂಗಾ ಆರಿಸುತ್ತ, "ನೀವ ನೋಡ್ರಿ" ಎಂದ. ಹೋಗುವಾಗ ಹೊಸ್ತಿಲಲ್ಲಿ ನಿಂತು ಚಿತ್ರದ ಕಡೆ ಇನ್ನೊಮ್ಮೆ ಕತ್ತು ಹೊರಳಿಸಿದ. ಏನಾದರೂ ಅಂದಾನೆಂದು ಕಾದೆ. ಚಪ್ಪಲಿ ಮೆಟ್ಟಿಕೊಂಡು ಹೋದ.

ಅವತ್ತು ಶಶಿ ಅಳಲಿಲ್ಲ. ಪಾತ್ರೆ ತೊಳೆಯುತ್ತ ಒಂದೇ ಮಾತು ಕೇಳಿದಳು. "ಅತ್ಯಾ, ಅವರಿಗೆ ಹೆಸರು ಗೊತ್ತಿತ್ತೋ ಇಲ್ಲೋ?"

ಮರುದಿನ ಶಾಲೆ ಬಿಟ್ಟಕೂಡಲೇ ನಾನು ಬಸಣ್ಣನ ಅಂಗಡಿಗೆ ನುಗ್ಗಿದೆ. ಅವನು ಕುಂತಲ್ಲಿಂದ ಏಳಲೂ ಇಲ್ಲ. ತಪ್ಪು ಮಾಡಿದವನ ಮುಖವೇ ಅಲ್ಲ ಅದು.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಹಂಸ, ಗಿಳಿ ನೋಡಿ ನೋಡಿ ವರಗೋಳಿಗೆ ಬ್ಯಾಸರಾಗೈತಿ. ಈಗಿನವರಿಗೆ ಕಲಿತ ಹುಡುಗೀನ ಬೇಕು. ಇದನ್ನ ಗ್ವಾಡಿಗೆ ಹಾಕಿದ್ರ ಹುಡುಗಿ ಸಾಯನ್ಸ್ ಓದ್ಯಾಳ ಅಂತ ಅನಸ್ತೈತ್ರಿ."

"ಹೆಸರು?"

"ಗಾಜಿನ ಅಳತಿಗೆ ಬರಲಿ ಅಂತ ತಳದಾಗ ಒಂದೀಟು ಕತ್ತರಸ್ತೀನಿ. ಮುಂದ ಅವರೇನು ಬರಕೋತಾರೋ, ಅದು ಅವರ ಮನಿ ವಿಚಾರ." ಆಮೇಲೆ ದನಿ ತಗ್ಗಿಸಿ, ದೊಡ್ಡ ಸಂತೋಷದ ಸುದ್ದಿಯೆಂಬಂತೆ ಹೇಳಿದ: "ನಿಮ್ಮ ಹುಡುಗಿ ಚಿತ್ರದ ಕಾಲ್ಗುಣ ಭಾಳ ಚಲೋ ಐತ್ರಿ. ಹಾಕಿದ ಮನ್ಯಾಗ ಲಗ್ನ ಕೂಡೇ ಬಿಡತಾವ."

ಅವನ ಮೇಲೆ ಕೂಗಾಡಲು ಹೋದವಳು ಸುಮ್ಮನೆ ತಿರುಗಿ ಬಂದೆ. ಮಗ್ಗಿ ಬಾಯಿಪಾಠ ಮಾಡುತ್ತಿದ್ದ ಮಗು ಎಲ್ಲೂ ಇರಲಿಲ್ಲ. ಇದ್ದದ್ದೆಲ್ಲ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತ ಹುಡುಗಿಯರು. ಇದನ್ನು ಶಶಿಗೆ ಹೇಳುವುದು ಹೇಗೆ? ಹೇಳಲೇ ಇಲ್ಲ. ಅವಳೇ ತಿಳಿದುಕೊಂಡಳೆಂದು ಕಾಣುತ್ತದೆ. ಪ್ರೆಸ್ಸಿಗೆ ಹೋಗಿ ಬ್ಲಾಕನ್ನು ವಾಪಸು ತಂದು, ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಳು. ಟಾಕನ್ನೂ ಅದರ ಜೊತೆಗೇ ಇಟ್ಟಳು.

ಕೆಲವು ದಿನ ಬಿಟ್ಟು, ಈ ಸಂಬಂಧ ತಂದಿದ್ದ ನಡುವಿನ ಹಿರಿಯರು ಬಂದು ಸುದ್ದಿ ಹೇಳಿದರು. ಹುಡುಗನಿಗೆ ಮಿಶ್ರಿಕೋಟಿಯ ಹೆಣ್ಣು ಗಟ್ಟಿಯಾಗಿತ್ತು. "ಹುಡುಗಿ ಚಿತ್ರ ಭಾಳ ಚಂದ ತಗೀತಾಳಂತ. ಅದಕ್ಕ ವರಾ ಅಗದಿ ಪಸಂದ ಮಾಡ್ಯಾನ."

"ಅಲ್ರಿ, ಒಂದೇ ಚಿತ್ರ ಮೂರು ಮನ್ಯಾಗ ನೋಡ್ಯಾರ. ಅಕೀದ ಅಸಲು ಅಂತ ಹೆಂಗ ಗೊತ್ತಾತು?" ಎಂದೆ.

"ಮೊದಲ ನೋಡಿದ್ದು ಅಲ್ಲಿ ಅಲ್ರಿ."

ಮೊದಲು ನೋಡಿದ್ದು ಅಲ್ಲಿ. ಅಷ್ಟಕ್ಕೇ ಅದು ಅಸಲು! ಇದಕ್ಕೆ ಉತ್ತರ ನೀವೇ ಕೊಡಿ.

(ಹೆಸರು, ಊರು ಎಲ್ಲ ಬದಲಿಸಿ ಬರೆಯುತ್ತಿದ್ದೇನೆ. ಹುಡುಕಿಕೊಂಡು ಹೋಗಬೇಡಿ. ಹುಡುಕಿದರೆ ಅಂಥದೊಂದು ಮನೆಯಲ್ಲ, ಬೇಕಾದಷ್ಟು ಸಿಕ್ಕಾವು.)

ಇಲ್ಲಿಗೆ ಮುಗಿದಿದ್ದರೆ ನಾನು ಎಂದಿನಂತೆ ನಾಲ್ಕು ಬೈಗುಳ ಬರೆದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಮೊನ್ನೆ ಮಧ್ಯಾಹ್ನ ಆ ಮಿಶ್ರಿಕೋಟಿಯ ಹುಡುಗಿಯ ಅಪ್ಪನೇ ಬಸ್ಸು ಬದಲಿಸಿಕೊಂಡು ನಮ್ಮ ಮನೆಗೆ ಬಂದ. ಬಸಣ್ಣ ವಿಳಾಸ ಕೊಟ್ಟಿದ್ದನಂತೆ. ಸಣಕಲು ಮನುಷ್ಯ. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅಳಿಯಂದಿರು ಹೇಳಿ ಕಳಿಸ್ಯಾರ್ರಿ. ಅವರ ಸಾಲ್ಯಾಗ ಪ್ರದರ್ಶನ ಐತಂತ, ಒಂದು ದೊಡ್ಡ ಚಿತ್ರ ತಗದು ಕೊಡ ಅಂದಾರ. ನನ್ನ ಮಗಳಿಗೆ ಗೆರಿ ಎಳ್ಯಾಕ ಬರಂಗಿಲ್ರಿ ಅಕ್ಕೋರ. ಅನ್ನಾ ಬಿಟ್ಟು ಕುಂತಾಳ."

ಪಾಪ ಅನ್ನಿಸಲಿಲ್ಲ ನನಗೆ. ಮೈಯೆಲ್ಲ ಉರಿಯಿತು. "ಗ್ವಾಡಿಗೆ ಹಚ್ಚೂ ಮುಂದ ಅಕೀನ ಕೇಳಿದ್ರೇನು?" ಎಂದೆ. ಬಾಗಿಲು ತೋರಿಸಬೇಕೆಂದು ಕೈ ಎತ್ತಿದೆ. ಅಷ್ಟರಲ್ಲಿ ಶಶಿ ಒಳಗಿನಿಂದ ಬಂದಳು.

"ಯಾವ ಪ್ರಾಣಿ ಅಂತ ಹೇಳ್ಯಾರ ಕಾಕಾ?"

"ಹೆಸರು ಬಾಯಾಗ ಬರವಲ್ದವಾ. ಮಾರಿ ಮ್ಯಾಲ ಮೂರು ಕೋಡು ಇರತಾವಂತ. ಮೂಗಿನ ಮ್ಯಾಲಿಂದು ಸಣ್ಣದಿರಬೇಕು, ಕಣ್ಣಿನ ಮ್ಯಾಲಿನವು ಉದ್ದ ಇರಬೇಕು ಅಂತ ಒತ್ತಿ ಒತ್ತಿ ಹೇಳ್ಯಾರ."

ಶಶಿ ಗೋಡೆಯ ಕಡೆ ತಿರುಗಿದಳು. "ಗೊತ್ತೈತಿ ಅವರಿಗೆ," ಅಂದಳು, ನನಗಲ್ಲ, ಯಾರಿಗೂ ಅಲ್ಲ. ಆಮೇಲೆ ಒಳಗೆ ಹೋಗಿ ಟ್ರಂಕು ತೆಗೆದಳು.

ನಾನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಬೈದೆ. "ನಿನಗ ತಲಿ ನೆಟ್ಟಗೈತೇನ? ಅವರು ನಿನಗ ಮಾಡಿದ್ದು ಸಾಲದೇನ?"

"ಅಕಿ ಏನ ಮಾಡ್ಯಾಳತ್ಯಾ?" ಅಂದಳು. "ಅಕೀನ ಯಾರರೆ ಕೇಳ್ಯಾರೇನು? ಚಾಪಿ ಮ್ಯಾಲ ಕುಂದರಿಸಿ, ಹಿಂದ ಗ್ವಾಡಿಗೆ ಹಾಕ್ಯಾರ. ನನ್ನನ್ನೂ ಹಂಗ ಕುಂದರಿಸಿದ್ರಿ."

ನನ್ನನ್ನೂ ಅಂದಳು. ಕುಂದರಿಸಿದ್ರಿ ಅಂದಳು. ಆ ‘ರಿ’ಯೊಳಗೆ ನಾನೂ ಇದ್ದೆ.

ಸಂಜೆಯವರೆಗೆ ಬರೆದಳು. ಆ ಮನುಷ್ಯ ಕಟ್ಟೆಯ ಮೇಲೆ ಕೂತು ಕಾದ. ಇಷ್ಟು ವರ್ಷದಲ್ಲಿ ಅವಳು ಬರೆದದ್ದರಲ್ಲೆಲ್ಲ ಅದೇ ಚೆಂದ, ಸುಳ್ಳಲ್ಲ. ಪ್ರಾಣಿಯ ಕಣ್ಣು ನೋಡಿದರೆ ಸಂಕಟವಾಗುತ್ತಿತ್ತು. ಮಸಿ ಆರಿದ ಮೇಲೆ ಸುರುಳಿ ಸುತ್ತಿ ಕೊಟ್ಟಳು. ಅವನು ಕಾಲಿಗೆ ಬೀಳಲು ಬಂದ, ಇವಳು ಹಿಂದೆ ಸರಿದಳು. ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಓಡಿದ.

ಮದುವೆಗೆ ಇನ್ನೇನು ಹೆಚ್ಚು ದಿನವಿಲ್ಲ. ಪ್ರದರ್ಶನದಲ್ಲಿ ಆ ಚಿತ್ರವನ್ನು ಎಲ್ಲರೂ ಹೊಗಳುತ್ತಾರೆ. ಮಾಸ್ತರ ಹಿಗ್ಗುತ್ತಾನೆ, ಹೆಂಡತಿಯಾಗುವವಳ ಮೇಲೆ ಅವನ ಅಕ್ಕರೆ ಇನ್ನಷ್ಟು ಹೆಚ್ಚುತ್ತದೆ. ಅವನು ಕೆಟ್ಟವನಲ್ಲ. ಅದೇ ನನ್ನ ಭಯ.

ಒಂದು ಸಂಜೆ ಅವನು ಪ್ರೀತಿಯಿಂದಲೇ ಕಾಗದ, ಮಸಿ ತಂದು ಮುಂದಿಟ್ಟು "ನಾ ನೋಡ್ತೀನಿ, ಒಂದು ತಗಿ" ಎಂದರೆ, ಆ ಹುಡುಗಿ ಯಾರ ಮುಖ ನೋಡಬೇಕು?