ಬಾದಶಹನ ಪಾನಕ ಮತ್ತು ಕಾಕಾನ ಹೊಟ್ಟೆ

ಜಲನಗರದ ನಮ್ಮ ಮನೆಯ ಮೇಜಿನ ಮೇಲೆ ಒಂದು ಮಾದರಿ ಮೆನು ಕಾರ್ಡಿದೆ; ಮಸಿಯ ವಾಸನೆ ಇನ್ನೂ ಹೋಗಿಲ್ಲ. ತಂಗಿಯ ಮಗಳು ಸವಿತಾ ಮದುವೆಗಳಲ್ಲಿ ತಂಪು ಪಾನೀಯದ ಕೌಂಟರ್ ಹಾಕುತ್ತಾಳೆ. ಕಾರ್ಡಿನ ತುಂಬ ಹೆಸರಾಂತ ಕಾಕ್‌ಟೇಲ್‌ಗಳು, ಒಂದೊಂದರ ಕೆಳಗೂ ಅದು ಹುಟ್ಟಿದ ಕಥೆ. ನಮ್ಮ ಕಡೆಯ ಮದುವೆಗಳಲ್ಲಿ ಮದ್ಯ ನಡೆಯುವುದಿಲ್ಲವಲ್ಲ, ಹುಡುಗಿ ಮದ್ಯವನ್ನು ತೆಗೆದು ಇತಿಹಾಸವನ್ನಷ್ಟೇ ಉಳಿಸಿಕೊಂಡಿದ್ದಾಳೆ.

ಓದಿ ನೋಡಿ, ಮಜವಾಗಿದೆ. ಮೊಜಿಟೊ ಕ್ಯೂಬಾದ ಕಡೆ ಹಡಗಿನವರ ಹೊಟ್ಟೆನೋವಿನ ಔಷಧವಾಗಿತ್ತಂತೆ. ಜಿನ್ ಟಾನಿಕ್, ಮಲೇರಿಯಾಕ್ಕೆ ಹೆದರಿದ ಬಿಳಿ ಸಿಪಾಯಿಗಳು ಕಹಿ ಕ್ವಿನೈನ್ ಗಂಟಲಲ್ಲಿ ಇಳಿಯಲೆಂದು ನಮ್ಮ ದೇಶದಲ್ಲೇ ಕಲಸಿಕೊಂಡದ್ದಂತೆ. ಪಿನಾ ಕೊಲಾಡಾಕ್ಕಂತೂ ನಾನೇ ಮಾಡಿದ್ದು, ತಾನೇ ಮಾಡಿದ್ದು ಎಂದು ಇಬ್ಬರು ಮೂವರ ಜಗಳ. ಅಪ್ಪಂದಿರಿಗೆ ಏನೂ ಕಡಿಮೆಯಿಲ್ಲ. ಅವ್ವ ಮಾತ್ರ ಕಾರ್ಡಿನಲ್ಲಿ ಒಂದಕ್ಕೂ ಇಲ್ಲ.

ಕೊನೆಯಲ್ಲಿ ಸ್ವಲ್ಪ ಜಾಗ ಖಾಲಿಯಿದೆ. "ಮಾಮಾ, ತಿಕೋಟಾ ಅಜ್ಜಾರ ದ್ರಾಕ್ಷಿ ಸೋಡಾದ್ದು ಹಿಸ್ಟರಿ ಬರದ ಕೊಡ್ರಿ. ನಾಳೆ ಪ್ರೆಸ್ಸಿಗೆ ಕೊಡಬೇಕು. ಬಾದಶಹನ ಕತಿ ನಿಮಗ ಗೊತ್ತೈತೆಲ್ಲ?" ಎಂದಳು.

ಗೊತ್ತಿಲ್ಲದೆ ಏನು? ಆ ಕಥೆ ಬರೆದವನೇ ನಾನು.

ಸವಿತಾ ಹೇಳಿದ ಅಜ್ಜ ಎಂದರೆ ನಮ್ಮ ಕಾಕಾ, ಅಪ್ಪನ ತಮ್ಮ; ಅವರ ಸೋಡಾ ಅಂಗಡಿ ತಿಕೋಟಾ ಬಸ್ ನಿಲ್ದಾಣದ ಎದುರಿಗಿತ್ತು. ಹಣೆ ತುಂಬ ವಿಭೂತಿ. ಪಕ್ಕದವನ ಬಾಯಿಂದ ಹೆಂಡದ ವಾಸನೆ ಬಂದರೆ ಬಸ್ಸಿನಲ್ಲಿ ಸೀಟು ಬದಲಿಸುವ ಮನುಷ್ಯ. ಅವರಿಗಿದ್ದ ಚಟ ಒಂದೇ, ಮಿರ್ಚಿ ಭಜಿ. ಮಧ್ಯಾಹ್ನವಾದರೆ ಹೊಟ್ಟೆ ಉಬ್ಬುತ್ತಿತ್ತು. ನಾನು ಕಾಲೇಜಿನ ರಜೆಯಲ್ಲಿ ಅಲ್ಲಿದ್ದಾಗ ಒಂದು ದಿನ ಅವರ ಹೆಂಡತಿ, ನಮ್ಮ ಕಾಕು, ತಮ್ಮ ತವರು ಬಬಲೇಶ್ವರದಿಂದ ಬಂದ ಹುಳಿ ದ್ರಾಕ್ಷಿ ಹಿಂಡಿದರು. ಒಣದ್ರಾಕ್ಷಿ ಮಾಡಲು ಬಾರದೆಂದು ಬಿಟ್ಟ ಹಣ್ಣು ಅದು. ಅಜವಾನ, ಕರಿ ಉಪ್ಪು ಹಾಕಿ, ಮೇಲೆ ಸೋಡಾ ಸುರಿದು ಗಂಡನ ಕೈಗಿತ್ತರು. ಕಾಕಾ ಗಟಗಟ ಕುಡಿದು ಅಂಗಡಿ ನಡುಗುವಂತೆ ತೇಗಿದರು. ಎದುರಿಗೆ ನಿಂತಿದ್ದ ಗಿರಾಕಿ, "ನನಗೂ ಅದ ಕೊಡ್ರಿ," ಎಂದ.

ತಿಂಗಳೊಳಗೆ ಹೆಸರಾಯಿತು. ಬೋರ್ಡು ಬೇಕಾಯಿತು.

"ಕಾಕು ಮಾಡ್ಯಾರ ಅಂತ ಬರೀಲೇನ್ರಿ?" ಎಂದೆ.

"ಹುಚ್ಚ ಅದಿಯೇನಲೇ? ಹೇಣ್ತಿ ಹೆಸರ ಬೋರ್ಡಿನ ಮ್ಯಾಲೆ ಬರಸಿದ್ರ ಮಂದಿ ನಗತಾರ. ಬಾದಶಹ ಕುಡೀತಿದ್ದ ಅಂತ ಬರಿ."

ಬರೆದೆ. ಕೆಂಪು ಬಣ್ಣದಲ್ಲಿ, ಅರಮನೆಯ ಅಡುಗೆಭಟ್ಟನನ್ನೂ ಸೇರಿಸಿ ಬರೆದೆ. ನನ್ನ ಕಲ್ಪನಾಶಕ್ತಿಯ ಬಗ್ಗೆ ನನಗೆ ಆಗ ಬಹಳ ಹೆಮ್ಮೆ. ಕಾಕು ಬಾಗಿಲಲ್ಲಿ ನಿಂತು ಓದಿಸಿ ಕೇಳಿದರು. "ಬಾದಶಹಗೂ ಗ್ಯಾಸ್ ಆಗತಿತ್ತೇನೋ?" ಎಂದು ನಕ್ಕು ಒಳಗೆ ಹೋದರು.

ಕಾಕಾ ಕೆಟ್ಟವರಲ್ಲ. ನಮ್ಮಲ್ಲಿ ಗಂಡಸರು ನಾಲ್ಕು ಮಂದಿಯ ಮುಂದೆ ಹೆಂಡತಿಯ ಹೆಸರು ಹಿಡಿಯುತ್ತಿರಲಿಲ್ಲ, ಅಷ್ಟೇ. ಬಾದಶಹನ ಹೆಸರು ಹಿಡಿಯಲು ಯಾವ ನಾಚಿಕೆಯೂ ಇರಲಿಲ್ಲ. ಸಾಯುವವರೆಗೂ ಅವರು ಆ ಕಥೆ ಹೇಳಿದರು. ಕೊನೆಕೊನೆಗೆ ನಂಬಿದ್ದರು ಕೂಡ.

ಈಗ ಖಾಲಿ ಜಾಗದ ಮುಂದೆ ಕೂತಾಗ, ಆ ಬೋರ್ಡು ನೆನೆದು ನನಗೆ ನಾಚಿಕೆಯಾಯಿತು. ಇನ್ನೊಮ್ಮೆ ಅದೇ ಸುಳ್ಳು ಬೇಡವೆಂದು ಪೆನ್ನು ಹಿಡಿದೆ: "ಇದನ್ನು ಮೊದಲು ಮಾಡಿದವರು ಶ್ರೀಮತಿ..."

ಮುಂದೆ ಬರೆಯಲು ಹೆಸರೇ ಗೊತ್ತಿಲ್ಲ. ಊರಿಗೆಲ್ಲ ಅವರು ಸೋಡಾ ಕಾಕು. ಮಕ್ಕಳ ಲಗ್ನಪತ್ರಗಳಲ್ಲಿ 'ಶ್ರೀಮತಿ ಮತ್ತು ಶ್ರೀ', ಆಮೇಲೆ ಕಾಕಾನ ಹೆಸರು. ಅವರ ಕೈಯ ಊಟ ಉಂಡು ಬೆಳೆದ ನಾನು ಒಮ್ಮೆಯೂ ಕೇಳಿರಲಿಲ್ಲ. ತಿಕೋಟಾಕ್ಕೆ ಫೋನ್ ಮಾಡಿದೆ.

"ಕಾಕೂ, ನಿಮ್ಮ ಹೆಸರೇನ್ರಿ?"

"ಯಾಕೋ ತಮ್ಮಾ, ದವಾಖಾನಿಯವರು ಕೇಳಾಕತ್ತಾರೇನು?"

"ಇಲ್ರಿ. ಸವಿತಾನ ಕಾರ್ಡಿಗೆ. ಸೋಡಾ ನೀವ ಮಾಡಿದ್ದು ಅಂತ ಬರ್ಯಾಕತ್ತೇನಿ."

ಆ ಕಡೆ ಕಾಕು ಯಾರಿಗೋ ಟಿ.ವಿ. ಆರಿಸಲು ಹೇಳಿದ್ದು ಕೇಳಿಸಿತು.

"ಕಾಶೀಬಾಯಿ," ಎಂದರು. "ಬಾದಶಹಂದು ಎಷ್ಟ ದೊಡ್ಡದು ಬರದಿದ್ದಿ, ಅದಕ್ಕಿಂತ ದೊಡ್ಡದು ಬರಿ."